ಬೋಗುಣಿಯ ತೂತು

ನನಗೆ ಒಂದು ಕೆಟ್ಟ ಚಾಳಿ ಇತ್ತು. ಒಡೆದದ್ದು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ನೈರೋಬಿಯ ಕನ್ನಡದವರಲ್ಲಿ ಯಾರ ಮನೆಯ ದಸರಾ ಗೊಂಬೆಯ ಮೂಗು ಹಾರಿದರೂ, ವಿಮಾನದ ಸೂಟ್‌ಕೇಸಿನಲ್ಲಿ ಯಾರ ಸೆಟ್ಟಿ ಗೊಂಬೆಯ ಹೊಟ್ಟೆ ಬಿರಿದರೂ, ಅದು ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಕಿಲಿಮಾನಿ ಬಡಾವಣೆಯ ನಮ್ಮ ಮೂರನೇ ಮಹಡಿಗೆ ಬರುತ್ತಿತ್ತು. ಅಂಟು, ಸೀಮೆಸುಣ್ಣದ ಪುಡಿ, ಉಪ್ಪುಕಾಗದ, ನಾಲ್ಕು ಕೂದಲಿನ ಕುಂಚ, ಇಷ್ಟೇ ನನ್ನ ಸಾಮಾನು. ನಾನು ಸರಿಮಾಡಿದ ಮೇಲೆ ಎಲ್ಲಿ ಒಡೆದಿತ್ತು ಅಂತ ಗೊಂಬೆಯ ಯಜಮಾನಿಗೂ ತಿಳಿಯಬಾರದು, ಅಷ್ಟು ಜಂಬ ನನಗೆ. ಈಗ ಆ ಕೆಲಸ ಬಿಟ್ಟಿದ್ದೇನೆ. ಕೇಳಿದವರಿಗೆ ಕಣ್ಣು ಮಂಜಾಗಿದೆ ಎನ್ನುತ್ತೇನೆ. ಕಣ್ಣಿಗೇನೂ ಆಗಿಲ್ಲ.

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಒಬ್ಬ ಮುದುಕಿ ಇದ್ದಳು. ಮುದುಕಿ ಎಂದರೆ ಅವಳಿಗೆ ಕೆಂಡದಂಥ ಕೋಪ ಬರುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ. ಮೆಕ್ಸಿಕೋ ದೇಶದ ಉತ್ತರದ ಮರುಭೂಮಿಯ ಕಡೆಯವಳು. ಗಂಡ ಮೆಕ್ಕೆಜೋಳದ ತಳಿಗಳ ಮೇಲೆ ಕೆಲಸ ಮಾಡಲು ಕೀನ್ಯಾಕ್ಕೆ ಬಂದು, ಇಲ್ಲೇ ತೀರಿಕೊಂಡು, ಇಲ್ಲೇ ಮಣ್ಣಾಗಿದ್ದ. ಮಕ್ಕಳಿರಲಿಲ್ಲ. ಊರಿಗೆ ಹೋಗಬಾರದಾ ಎಂದರೆ, ಅಲ್ಲಿ ಯಾರ ಬಾಗಿಲು ತಟ್ಟಲಿ ಎನ್ನುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಪಶ್ಚಿಮ ಕೀನ್ಯಾದ ಒಬ್ಬ ಹೆಂಗಸಿದ್ದಳು. ದಪ್ಪ ಕೈ, ಮೆತ್ತನೆಯ ದನಿ, ಭಾನುವಾರ ಏನೇ ಆಗಲಿ ಚರ್ಚು ತಪ್ಪಿಸದವಳು. ನನ್ನನ್ನೂ ಅವಳನ್ನೂ ಇಬ್ಬರನ್ನೂ ಸ್ವಾಹಿಲಿಯಲ್ಲಿ 'ಮಾಮಾ', ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದಳು. ಕೂಗಿದಾಗ ಇಬ್ಬರೂ ಓಗೊಡುತ್ತಿದ್ದೆವು.

ಹರ್ಲಿಂಗ್‌ಹ್ಯಾಮ್‌ನ ಒಂದು ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟು ನಾನು ಆಗಷ್ಟೇ ನಿವೃತ್ತಳಾಗಿದ್ದೆ. ನನ್ನ ಗಂಡ ಅಪ್ಪರ್ ಹಿಲ್‌ನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆಯ ಡಾಕ್ಟರು, ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು. ಹೀಗಾಗಿ ಮಧ್ಯಾಹ್ನದ ಊಟ ಮುಗಿಸಿ ನಾನು ಕೆಳಗಿಳಿದರೆ, ಅವಳ ಪುಟ್ಟ ವರಾಂಡದಲ್ಲಿ ರಮ್ಮಿ ಶುರು. ಅವಳು ಆಟದಲ್ಲಿ ಮೋಸ ಮಾಡುತ್ತಿದ್ದಳು. ಸಿಕ್ಕಿಬಿದ್ದರೆ ತನ್ನ ಭಾಷೆಯಲ್ಲಿ ಬೈಯುತ್ತಿದ್ದಳು, ನಾನು ನನ್ನ ಭಾಷೆಯಲ್ಲಿ. ಉಳಿದ ಮಾತೆಲ್ಲ ಇಂಗ್ಲಿಷಿನಲ್ಲಿ. ಇಂಗ್ಲಿಷಿನಲ್ಲಿ ನೀನು, ನೀವು ಎರಡೂ ಒಂದೇ. ಅವಳು ನನಗಿಂತ ಹದಿನೈದು ವರ್ಷ ದೊಡ್ಡವಳಾದರೂ ನನ್ನ ಮನಸ್ಸಿನಲ್ಲಿ ಎರಡನೇ ವಾರಕ್ಕೇ 'ನೀನು' ಆಗಿಬಿಟ್ಟಿದ್ದಳು. ಇಲ್ಲಿಯೂ ಹಾಗೇ ಬರೆಯುತ್ತೇನೆ.

ಅವಳ ಊಟದ ಮೇಜಿನ ಮೇಲೆ ಒಂದು ಮಣ್ಣಿನ ಬೋಗುಣಿ ಇತ್ತು. ನಿಂಬೆಹಣ್ಣು, ಬೆಣ್ಣೆಹಣ್ಣು ತುಂಬಿಕೊಂಡು ಕೂತಿರುತ್ತಿತ್ತು. ಹಣ್ಣು ತೆಗೆದರೆ ಒಳಗೆ ಸುಣ್ಣದಂಥ ಬಿಳುಪಿನ ಮೇಲೆ ಕಪ್ಪು ಗೆರೆಗಳ ಚಿತ್ರ. ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಗೆರೆಗಳ ಸಾಲು, ನಡುವೆ ಬಾಗಿ ಮಲಗಿದ ಒಂದು ಮೊಲ, ಅದರ ಬೆನ್ನಿಗೆ ಬಿದಿಗೆಯ ಚಂದ್ರ. ಗೆರೆ ಎಳೆದ ಕೈ ಎಂಥದ್ದು ಅಂತ ನನಗೆ ಹೊಟ್ಟೆಕಿಚ್ಚಾಯಿತು. ಮೊಲದ ಹೊಟ್ಟೆಯ ಜಾಗದಲ್ಲಿ, ಸರಿಯಾಗಿ ಬೋಗುಣಿಯ ನಡುವೆ, ಹೆಬ್ಬೆರಳು ತೂರುವಷ್ಟು ಒಂದು ತೂತು.

"ಚಂದ್ರನೊಳಗಿನ ಮೊಲ ಅಲ್ವಾ ಇದು?" ಎಂದೆ.

ಅವಳು ಇಸ್ಪೀಟು ಎಲೆ ಕೆಳಗಿಟ್ಟಳು. "ನಿಮ್ಮ ಚಂದ್ರನಲ್ಲೂ ಮೊಲ ಇದೆಯಾ?"

"ಇಲ್ದೆ ಏನು? ನಮ್ಮಜ್ಜಿ ತೋರಿಸಿ ತುತ್ತು ಹಾಕ್ತಿದ್ರು."

"ನಮ್ಮಜ್ಜಿನೂ ತೋರಿಸ್ತಿದ್ದಳು," ಎಂದು ಅವಳು ನಕ್ಕಳು. ಅವತ್ತು ಆಟ ಅಲ್ಲಿಗೇ ನಿಂತಿತು. ಎರಡು ಸಮುದ್ರದಾಚೆಯ ಇಬ್ಬರು ಅಜ್ಜಿಯರು ಒಂದೇ ಮೊಲವನ್ನು ತೋರಿಸಿ ಊಟ ಮಾಡಿಸಿದ್ದಾರೆಂದು ನಮಗೆ ಎಳೆ ಮಕ್ಕಳಂತೆ ಖುಷಿಯಾಗಿತ್ತು. ಆಮೇಲಿನ ಎಲ್ಲವನ್ನೂ ನೆನೆದರೆ ಆ ಒಂದು ಮಧ್ಯಾಹ್ನ ನಮಗೆ ಧಾರಾಳವಾಗಿ ಸಿಕ್ಕಿತ್ತು ಅನ್ನಿಸುತ್ತದೆ.

ಕಾಯಿಲೆ ಮೊದಲು ಕಂಡದ್ದು ಅವಳ ಕಣ್ಣಿನಲ್ಲಿ, ಅರಿಸಿನ ಹಚ್ಚಿದ ಹಾಗೆ. ನನ್ನ ಗಂಡನೇ ತಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಫೋನಿನ ಮೇಲೆ ಬೆರಳೊತ್ತಿ ಟ್ಯಾಕ್ಸಿ ಕರೆಯುವುದು ಆಗ ಹೊಸದು. ಸಂಜೆ ಆ ಟ್ಯಾಕ್ಸಿಯಿಂದ ಇಳಿದು ಮೇಲೆ ಬಂದವರು ಶೂ ಬಿಚ್ಚದೆ ಸೋಫಾದ ಮೇಲೆ ಕೂತರು.

"ಏನಂತೆ ರೀ?"

"ಮೇದೋಜೀರಕ ಗ್ರಂಥಿ. ಲಿವರ್‌ಗೂ ಹೋಗಿದೆ."

"ಆಪರೇಷನ್?"

"ಪಿತ್ತನಾಳಕ್ಕೆ ಒಂದು ಟ್ಯೂಬ್ ಹಾಕ್ತಾರೆ, ಹಳದಿ ಇಳಿಯೋಕೆ. ಅಷ್ಟೇ ಕಣೇ. ಐದಾರು ತಿಂಗಳು."

"ಬಿಡ್ತು ಅನ್ನಿ!" ಎಂದೆ ತಕ್ಷಣ. ಅವರು ಅನ್ನಲಿಲ್ಲ, ಎದ್ದು ಶೂ ಬಿಚ್ಚಿದರು.

ನಾನು ಹುಟ್ಟಿದ ಮನೆಯಲ್ಲಿ ಅಪಶಕುನದ ಮಾತಿಗೆ ಇದ್ದ ಔಷಧಿ ಅದೊಂದೇ. ಯಾರಾದರೂ 'ನಾನು ಸತ್ತ ಮೇಲೆ' ಎಂದು ಬಾಯಿ ತೆರೆದರೆ ಸಾಕು, ಅಮ್ಮ ಅಡುಗೆಮನೆಯಿಂದಲೇ 'ಬಿಡ್ತು ಅನ್ನು' ಎಂದು ಗದರುತ್ತಿದ್ದಳು. ಅಂದವರು ಬಿಡ್ತು ಅನ್ನಬೇಕು, ಮಾತು ಅಲ್ಲಿಗೇ ತುಂಡಾಗಬೇಕು. ನನ್ನ ಅಪ್ಪ ಕಾಯಿಲೆಯಲ್ಲಿ ಮಲಗಿದ್ದಾಗ ಏನೋ ಹೇಳಬೇಕೆಂದು ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಬಿಡ್ತು ಅಂದೇ ಹೋದರು. ಏನು ಹೇಳಬೇಕಿತ್ತೋ ಇವತ್ತಿಗೂ ನಮಗೆ ಗೊತ್ತಿಲ್ಲ. ಇದನ್ನು ನಾನು ಕೆಟ್ಟದ್ದೆಂದು ಯಾವತ್ತೂ ಅಂದುಕೊಂಡಿರಲಿಲ್ಲ. ಪ್ರೀತಿ ಅಂತಲೇ ಅಂದುಕೊಂಡಿದ್ದೆ.

ಅವಳಿಗೂ ಅದನ್ನೇ ಕಲಿಸಿದೆ. ಕಾಯಿಲೆ ಏನೆಂದು ತಿಳಿದ ಮರುವಾರ ರಮ್ಮಿಯ ನಡುವೆ ಅವಳು, "ಆ ಬೋಗುಣಿ ಏನು ಗೊತ್ತಾ ನಿನಗೆ? ಅದು ಸತ್ತವರ ಮುಖಕ್ಕೆ ಮುಚ್ಚೋದು," ಎಂದಳು.

ಅದರೊಳಗಿನ ನಿಂಬೆಹಣ್ಣನ್ನು ಎಷ್ಟು ಸಲ ಮನೆಗೊಯ್ದು ಚಿತ್ರಾನ್ನಕ್ಕೆ ಹಿಂಡಿದ್ದೆನೋ!

ಅವಳು ಹೇಳಿದ್ದು ಇಷ್ಟು. ಸಾವಿರ ವರ್ಷದ ಕೆಳಗೆ ಅವರ ಕಡೆಯ ಕಣಿವೆಗಳಲ್ಲಿದ್ದ ಜನ ಸತ್ತವರನ್ನು ದೂರ ಒಯ್ಯುತ್ತಿರಲಿಲ್ಲ, ತಾವಿರುವ ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮೇಲೆ ಅಡುಗೆ, ಕೆಳಗೆ ಅಜ್ಜಿ. ಮೊಣಕಾಲು ಎದೆಗೆ ಸೇರಿಸಿ ಕೂರಿಸಿ, ತಲೆಯ ಮೇಲೆ ಒಂದು ಬೋಗುಣಿ ಕವುಚುತ್ತಿದ್ದರು. ಹೂಳಲೆಂದೇ ಮಾಡಿಸಿದ ಬೋಗುಣಿಯೂ ಅಲ್ಲ, ಒಳಗೆ ಉಜ್ಜಿ ಉಜ್ಜಿ ಸವೆದ ಗುರುತು ಇದೆ, ಉಂಡ ಬೋಗುಣಿಯೇ. ಇವಳ ಅಪ್ಪ ಹೊಲದಲ್ಲಿ ಬಾವಿಗೆಂದು ಅಗೆಯುವಾಗ ಇದು ಸಿಕ್ಕಿತು. ಎತ್ತಿದರೆ ಕೆಳಗೆ ಮುಖ. ಮುಖವೆಂದರೆ ಮುಖದ ಮೂಳೆ. ಅಪ್ಪ ಬೋಗುಣಿಯನ್ನು ಚೀಲಕ್ಕೆ ಹಾಕಿಕೊಂಡು ಗುಂಡಿಗೆ ಮಣ್ಣು ತಳ್ಳಿದ. ಏಳು ವರ್ಷದ ಮಗಳು ದಂಡೆಯಲ್ಲಿ ನಿಂತು ನೋಡುತ್ತಿದ್ದಳು.

"ಒಬ್ಬರ ಮುಖ ಬಯಲು ಮಾಡಿಬಿಟ್ವಿ. ಆ ಹೊಲ ಈಗ ಇಲ್ಲ, ಮೇಲೆ ರಸ್ತೆ ಬಿದ್ದಿದೆ. ಎಲ್ಲಿಗೆ ಅಂತ ವಾಪಸ್ ಕೊಡಲಿ?"

"ಮ್ಯೂಸಿಯಂಗೆ ಕೊಡು."

"ಗಾಜಿನ ಪೆಟ್ಟಿಗೆಯಲ್ಲಿ ಇಡ್ತಾರೆ. ಇದು ಗಾಜಿಗೆ ಮಾಡಿದ್ದಲ್ಲ, ಮುಖಕ್ಕೆ ಮಾಡಿದ್ದು. ನಾನು ಸತ್ತಾಗ ನನ್ನ ಮುಖದ ಮೇಲೆ ಇದನ್ನ ಕವುಚಿ ಹೂಳಬೇಕು. ಮಣ್ಣಿನಿಂದ ತೆಗೆದದ್ದು ಮಣ್ಣಿಗೆ ಹೋಗಲಿ. ನೀನೇ ಮಾಡಬೇಕು."

"ಬಿಡ್ತು ಅನ್ನು!"

"ಏನದು?"

ಹೇಳಿಕೊಟ್ಟೆ. ಅವಳ ಬಾಯಲ್ಲಿ 'ಬಿರ್ತು' ಆಯಿತು. ಅಂದು ನಕ್ಕಳು, ನಾನೂ ನಕ್ಕೆ. ಆದರೆ ಅವಳು ಬಿಡುವ ಹೆಂಗಸಲ್ಲ. ದಿನಾ ಮಾತು ಸುತ್ತಿಸಿ ಅಲ್ಲಿಗೇ ತರುತ್ತಿದ್ದಳು. ಕೊನೆಗೆ ಅವಳ ಬಾಯಿ ಮುಚ್ಚಿಸಿದರೆ ಸಾಕೆಂದು ಅವಳ ಕೈಮೇಲೆ ಕೈಯಿಟ್ಟು, "ಆಯ್ತು ಮಾರಾಯ್ತಿ, ನಾನೇ ಮುಚ್ತೀನಿ, ಈಗ ಎಲೆ ಹಾಕು," ಎಂದೆ. ಅವಳು ನನ್ನ ಕೈ ಬಿಡಲಿಲ್ಲ. "ಇನ್ನೊಂದಿದೆ, ಕೇಳು. ಆ ತೂತು..." ಎಂದು ಶುರುಮಾಡಿದಳು.

"ಬಿಡ್ತು, ಬಿಡ್ತು, ಬಿಡ್ತು!" ಎಂದು ಕಿವಿ ಮುಚ್ಚಿಕೊಂಡು ಎದ್ದುಬಂದೆ.

ಮತ್ತೆ ಎರಡು ಸಲ ಅವಳು ತೂತಿನ ಮಾತೆತ್ತಿದ್ದು ನನಗೆ ನೆನಪಿದೆ. ಎರಡು ಸಲವೂ ನಾನು ಬಿಡಲಿಲ್ಲ. ಗುದ್ದಲಿಯ ಏಟು ಬಿದ್ದಿರಬೇಕು, ಅದರ ಕಥೆಯೇನು ಹೇಳುವುದು ಅಂತ ನನ್ನಷ್ಟಕ್ಕೆ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ತರಗತಿಯಲ್ಲಿ ಲೆಕ್ಕ ಪೂರ್ತಿ ಓದದೆ ಉತ್ತರ ಬರೆಯುವ ಮಕ್ಕಳಿಗೆ ಎಷ್ಟು ಬೈದಿದ್ದೇನೆ ನಾನು!

ಟ್ಯೂಬು ಹಾಕಿಸಲು ಅವಳು ಆಸ್ಪತ್ರೆ ಸೇರಿದಾಗ ಬೋಗುಣಿಯನ್ನು ಟವೆಲಿನಲ್ಲಿ ಸುತ್ತಿ ನನಗೆ ಕೊಟ್ಟುಹೋದಳು. ಮನೆ ಖಾಲಿ ಇರುತ್ತದೆ, ನಿನ್ನ ಹತ್ತಿರ ಇರಲಿ ಎಂದು. ಹತ್ತು ದಿನವೆಂದು ಹೋದವಳಿಗೆ ಜ್ವರ ಏರಿ ಮೂರು ವಾರವಾಯಿತು. ನಾನು ದಿನಾ ಮಟಾಟು ವ್ಯಾನು ಹಿಡಿದು ಅಪ್ಪರ್ ಹಿಲ್‌ಗೆ ಹೋಗಿ, ಅವಳು ಕಣ್ಣು ಮುಚ್ಚಿ ಮಲಗಿರುವುದನ್ನು ನೋಡಿ ಬರುತ್ತಿದ್ದೆ. ಮನೆಗೆ ಬಂದರೆ ಊಟದ ಕೋಣೆಯ ಬೀರುವಿನ ಮೇಲೆ ಆ ಬೋಗುಣಿ. ತೂತಿನ ಬೋಗುಣಿ.

ನಮ್ಮಲ್ಲಿ ತೂತು ಮಾಡುವ ಮಡಕೆ ಯಾವುದೆಂದು ಯಾರಿಗೆ ಗೊತ್ತಿಲ್ಲ? ಅಪ್ಪ ಹೋದಾಗ ಅಣ್ಣ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಚಿತೆಯನ್ನು ಸುತ್ತಿದ್ದ. ಒಂದೊಂದು ಸುತ್ತಿಗೂ ಹಿಂದಿನಿಂದ ಒಬ್ಬರು ಕಲ್ಲಿನಿಂದ ಒಂದೊಂದು ತೂತು ಹೊಡೆದಿದ್ದರು. ಹೆಣ್ಣುಮಕ್ಕಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ನಾನು ನೋಡಿದ್ದು, ಮನೆಗೆ ಬಂದ ಅಣ್ಣನ ಬೆನ್ನೆಲ್ಲ ಒದ್ದೆಯಾಗಿದ್ದದ್ದು ಮಾತ್ರ. ಆ ತೂತು ಯಾಕೆ, ನೀರು ಯಾಕೆ ಸೋರಬೇಕು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೂ ಬಿಡ್ತು ಅನ್ನು ಎನ್ನುತ್ತಿದ್ದರು. ಹೀಗಾಗಿ ತೂತಿನ ಮಡಕೆ ಮನೆಯಲ್ಲಿದ್ದರೆ ಸಾವನ್ನು ಕರೆದು ಕೂರಿಸಿದ ಹಾಗೆ ಎನ್ನುವುದಷ್ಟೇ ನನಗೆ ಗೊತ್ತಿತ್ತು. ಆ ತೂತು ಸತ್ತವರಿಗೆ ಬೇಕಾಗಿರಬಹುದು ಅಂತ ನನ್ನ ಮಂದಬುದ್ಧಿಗೆ ಹೊಳೆಯಲಿಲ್ಲ.

ದಸರಾ ಹತ್ತಿರ ಬಂದಿತ್ತು. ಮೇಜಿನ ತುಂಬ ಊರವರ ಮುರಿದ ಗೊಂಬೆಗಳು, ಅಂಟು, ಬಣ್ಣ. ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು, ಜ್ವರ ಇಳಿಯುತ್ತಿಲ್ಲ ಎಂದು. ಫೋನಿಟ್ಟವಳೇ ಬೋಗುಣಿಯನ್ನು ಇಳಿಸಿದೆ. ನಲ್ಲಿ ಸೋರಿದರೆ ಪ್ಲಂಬರು ಹಚ್ಚುತ್ತಾನಲ್ಲ, ಎರಡು ಬಣ್ಣದ ಉಂಡೆ ಕಲಸಿ ಮೆತ್ತುವ ಅಂಟು, ಒಣಗಿದರೆ ಕಲ್ಲು, ಅದನ್ನೇ ಕಲಸಿದೆ. ತೂತಿನ ಹಿಂದೆ ಕಾಗದ ಆನಿಸಿ, ತುಂಬಿ, ಒತ್ತಿ, ಎರಡೂ ಕಡೆಯಿಂದ ಸ್ವಲ್ಪ ಅಗಲವಾಗಿ ಹರಡಿ ಅದುಮಿದೆ, ಹಿಡಿತ ಇರಲಿ ಎಂದು. ಮಾರನೇ ದಿನ ಉಜ್ಜಿ ಸಮ ಮಾಡಿದೆ. ಸೀಮೆಸುಣ್ಣದ ಬಿಳುಪು ಬಳಿದೆ. ಆಮೇಲೆ ನಾಲ್ಕು ಕೂದಲಿನ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಮೊಲಕ್ಕೆ ಹೊಟ್ಟೆ ಬರೆದೆ. ಅಂಚಿನಲ್ಲಿದ್ದ ಗೆರೆಗಳನ್ನೇ ನೋಡಿಕೊಂಡು ಅಂಥವೇ ಗೆರೆ. ಸಾವಿರ ವರ್ಷದ ಹಿಂದಿನ ಆ ಹೆಂಗಸು (ಹೆಂಗಸೇ ಎಂದು ನನಗೆ ಯಾಕೋ ಖಾತ್ರಿ) ಎದುರು ಕೂತು ಭೇಷ್ ಅಂದ ಹಾಗಾಯಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಸಂಜೆ ನನ್ನ ಗಂಡ ಬೋಗುಣಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ತೂತು ಎಲ್ಲೇ?"

"ಮುಚ್ಚಿದೆ. ಗೊತ್ತಾಗುತ್ತಾ ಹೇಳಿ?"

"ಗೊತ್ತಾಗಲ್ಲ. ಯಾರನ್ನ ಕೇಳಿ ಮುಚ್ಚಿದೆ?"

"ಒಡಕು ಪಾತ್ರೆ ಸರಿಮಾಡೋಕೆ ಯಾರನ್ನ ಕೇಳಬೇಕು? ಸುಮ್ನಿರಿ."

ಅವರು ಬೋಗುಣಿಯನ್ನು ಬೀರುವಿನ ಮೇಲಿಟ್ಟರು. ಎರಡು ದಿನದಲ್ಲಿ ಅವಳ ಜ್ವರ ಇಳಿಯಿತು. ನಾನು ಗೆದ್ದೆ ಎಂದುಕೊಂಡೆ.

ಅವಳು ಮನೆಗೆ ಬಂದ ದಿನ ಬೋಗುಣಿಗೆ ನಿಂಬೆಹಣ್ಣು ತುಂಬಿ ನಾನೇ ಹೊತ್ತು ಕೆಳಗಿಳಿದೆ. ಅವಳು ದಿಂಬಿಗೊರಗಿ ಕೂತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಊದಿತ್ತು. ನೋಡಿಕೊಳ್ಳುವ ಹೆಂಗಸು ಅವಳ ಪಾದ ಒತ್ತುತ್ತಿದ್ದಳು. ನಾನು ಒಂದೊಂದೇ ಹಣ್ಣು ತೆಗೆದು ಪಕ್ಕಕ್ಕಿಟ್ಟೆ, ಜಾದೂ ಮಾಡುವವಳ ಹಾಗೆ. ಕೊನೆಯ ಹಣ್ಣು ತೆಗೆದಾಗ ಅವಳು ಒಳಗೆ ನೋಡಿದಳು. ಬೆರಳು ನೀಡಿ ತಳವನ್ನು ಸವರಿದಳು. ಬೋಗುಣಿ ಎತ್ತಿ ಹಿಂಬದಿ ಸವರಿದಳು. ಮತ್ತೆ ಒಳಗೆ.

"ಎಲ್ಲಿ?" ಎಂದಳು.

ನಾನು ಹೆಮ್ಮೆಯಿಂದ ನಕ್ಕೆ. ಅವಳ ಮುಖ ನೋಡಿ ನಗು ಅಲ್ಲೇ ಸತ್ತಿತು.

ಆ ದಿನ ಅವಳು ತೂತಿನ ಮಾತನ್ನು ಪೂರ್ತಿ ಹೇಳಿ ಮುಗಿಸಿದಳು. ಆ ತೂತು ಗುದ್ದಲಿಯದಲ್ಲ. ಆ ಜನ ಮುಖದ ಮೇಲೆ ಕವುಚುವ ಬೋಗುಣಿಗೆ ತಾವೇ ತೂತು ಹೊಡೆಯುತ್ತಿದ್ದರು, ಉಂಡ ಬೋಗುಣಿಯ ನಟ್ಟನಡುವೆ, ಬೇಕೆಂದೇ. ಹಾಗೆ ತೂತಿರುವ ಬೋಗುಣಿಗಳು ಅಲ್ಲಿ ಎಷ್ಟೋ ಸಿಕ್ಕಿವೆ. ಯಾಕೆ ಹೊಡೆದರೆಂದು ಹೇಳುವವರಿಲ್ಲ. ಒಂದು ಅಕ್ಷರವನ್ನೂ ಬಿಟ್ಟುಹೋಗದ ಜನ.

"ಓದಿದವರು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಪಾತ್ರೆಯನ್ನೂ ಕೊಂದು ಸತ್ತವರ ಜೊತೆ ಕಳಿಸೋಕೆ ಅಂತಾರೆ. ಒಳಗಿರೋದು ಹೊರಗೆ ಹೋಗೋಕೆ ದಾರಿ ಅಂತಾರೆ. ನನಗೆ ಅವರ ವಾದ ಬೇಡ. ನಾನು ಏಳು ವರ್ಷದವಳು ನೋಡಿದ್ದು ಗೊತ್ತಿದೆ ನನಗೆ. ಅಪ್ಪ ಬೋಗುಣಿ ಎತ್ತೋಕೆ ಮೊದಲು ಆ ತೂತಿನೊಳಗೆ ಕಣ್ಣಿಟ್ಟು ನೋಡಿದ್ದೆ. ಕತ್ತಲೆ ಇತ್ತು. ಆದರೆ ಗಾಳಿ ಇತ್ತು. ಮುಚ್ಚಿಟ್ಟಿದ್ದಾರೆ, ಆದ್ರೆ ಉಸಿರುಗಟ್ಟಿಸಿಲ್ಲ ಅನ್ನಿಸಿತ್ತು." ಅವಳು ಸ್ವಲ್ಪ ಹೊತ್ತು ಏದುಸಿರು ಬಿಟ್ಟಳು. ಹೊಟ್ಟೆಯ ನೀರು ಎದೆಗೂ ಏರಿತ್ತು. "ನನಗೆ ಸಾಯೋಕೆ ಭಯ ಇಲ್ಲ. ಉಸಿರುಗಟ್ಟೋದು ಭಯ. ಆ ತೂತು ಇದೆ ಅಂತ ಧೈರ್ಯವಾಗಿದ್ದೆ."

ನಾನು ಅತ್ತೆ. ಅವಳು ಅಳಲಿಲ್ಲ. ಪಾದ ಒತ್ತುತ್ತಿದ್ದ ಹೆಂಗಸು ಕೈ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು.

"ಈಗಲೇ ತೆಗೆದುಬಿಡ್ತೀನಿ. ಡ್ರಿಲ್ ತರಿಸ್ತೀನಿ," ಎಂದೆ.

"ಬೇಡ. ಜೀವ ಇರೋವಾಗ ಬೇಡ." ಅವಳು ಕಣ್ಣು ಮುಚ್ಚಿದಳು. "ಹಳೆಯ ತೂತು ಬೇರೆಯವರದ್ದಾಗಿತ್ತು. ನನ್ನದು ಅವತ್ತು ಹೊಡಿ. ಮುಖದ ಮೇಲೆ ಇಡೋಕೆ ಮೊದಲು, ಕೈಯಿಂದ. ಮುಚ್ಚಿದವಳು ನೀನೇ, ನೀನೇ ತೆಗಿ."

ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೂ ಆಯಿತು. ಇವತ್ತಲ್ಲ, ಅವತ್ತು ತಾನೇ. ಆಮೇಲಿನ ವಾರಗಳಲ್ಲಿ ನಾನು ಇನ್ನೊಂದು ಚೂರು ಅಂಟನ್ನು ಹಳೆ ಹೂಕುಂಡಕ್ಕೆ ಮೆತ್ತಿ ಹೊಡೆದು ನೋಡಬಹುದಿತ್ತು. ನೋಡಲಿಲ್ಲ. ಆ ದಿನದ ತಯಾರಿ ಮಾಡುವುದೆಂದರೆ ಅದನ್ನು ಕರೆದ ಹಾಗೆ ಎಂದು ಒಳಗೊಳಗೇ ಇನ್ನೂ ನಂಬಿದ್ದೆ. ಅಷ್ಟಾದ ಮೇಲೂ!

ಕೊನೆಯ ವಾರ ಅವಳಿಗೆ ಮಲಗಲಾಗುತ್ತಿರಲಿಲ್ಲ, ಕೂತೇ ಉಸಿರೆಳೆಯುತ್ತಿದ್ದಳು. ನನ್ನ ಗಂಡ ಬೆಳಿಗ್ಗೆ ಸಂಜೆ ಬಂದು ನೋವಿನ ಔಷಧಿ ಕೊಡುತ್ತಿದ್ದರು. ಕಿಟಕಿಗಳನ್ನೆಲ್ಲ ತೆರೆಯಿರಿ ಎನ್ನುತ್ತಿದ್ದಳು. ಎಲ್ಲ ತೆರೆದೇ ಇದ್ದವು. ಮತ್ತೆ ಎನ್ನುತ್ತಿದ್ದಳು. ನಾವು ತೆರೆದ ಕಿಟಕಿಯನ್ನೇ ಮುಚ್ಚಿ ತೆರೆದು ಅವಳಿಗೆ ಸದ್ದು ಕೇಳಿಸುತ್ತಿದ್ದೆವು. ಒಂದು ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ, ನಾನು ಗಂಜಿಯ ಬಟ್ಟಲು ಹಿಡಿದು ಒಳಗೆ ಬರುವಷ್ಟರಲ್ಲಿ, ನಿಂತಿತು.

ಮೂರನೇ ದಿನ ಹೂಳುವುದೆಂದಾಯಿತು, ಅವಳ ಗಂಡನ ಪಕ್ಕದಲ್ಲಿ. ಬಂಧುಗಳಿಲ್ಲ, ಹೀಗಾಗಿ ಎಲ್ಲ ನಮ್ಮ ಕೈಮೇಲೇ. ಶವಾಗಾರದಲ್ಲಿ ಮೈತೊಳೆದು ಬಟ್ಟೆ ಉಡಿಸಿ ಪೆಟ್ಟಿಗೆಯಲ್ಲಿ ಮಲಗಿಸಿ ಆಗಿತ್ತು. ನೋಡಿಕೊಳ್ಳುವ ಹೆಂಗಸು ಅದನ್ನೆಲ್ಲ ತಾನೇ ಮಾಡುತ್ತೇನೆಂದು ಹಟ ಹಿಡಿದು ಮಾಡಿದ್ದಳು. ಮುಚ್ಚಳ ಹಾಕುವ ಮೊದಲು ನನಗೆ ಹತ್ತು ನಿಮಿಷ ಕೊಟ್ಟರು. ಹೊರಗೆ ಇನ್ನೊಂದು ಮನೆಯವರು ಅವರ ಹೆಣಕ್ಕೆ ಕಾಯುತ್ತ ಹಾಡುತ್ತಿದ್ದರು. ನನ್ನ ಗಂಡ ಗಾಡಿಯ ಹತ್ತಿರ ನಿಂತಿದ್ದರು. ಒಳಗೆ ನಾವಿಬ್ಬರೇ ಹೆಂಗಸರು, ಮತ್ತು ಅವಳು.

ಅವಳ ಮುಖ ಸಣ್ಣದಾಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಅದನ್ನು ನೋಡಬಾರದಿತ್ತು ನಾನು.

"ನನಗೆ ನೋಡೋಕಾಗಲ್ಲ ಮಾಮಾ," ಎಂದು ಆ ಹೆಂಗಸು ಗೋಡೆಗೆ ಮುಖ ಮಾಡಿ ನಿಂತಳು. ಸ್ಟೀಲಿನ ಮೇಜಿನ ಮೇಲೆ ಟವೆಲು ಮಡಚಿಟ್ಟು ಅದರ ಮೇಲೆ ಬೋಗುಣಿ ಇಟ್ಟೆ. ಚೀಲದಿಂದ ಸಣ್ಣ ಉಳಿ, ಸುತ್ತಿಗೆ ತೆಗೆದೆ. ಮೊಲದ ಹೊಟ್ಟೆಗೆ ಉಳಿ ಹಿಡಿದು ಹೊಡೆದೆ. ಟಣ್ ಎಂದಿತು, ಅಷ್ಟೇ. ಬಣ್ಣದ ಒಂದು ಚಕ್ಕೆ ಹಾರಿತು. ಇನ್ನೊಂದು ಸಲ, ಗಟ್ಟಿಯಾಗಿ. ಉಳಿ ಜಾರಿ ನನ್ನ ಹೆಬ್ಬೆರಳಿಗೆ ತಾಗಿತು. ಆ ಅಂಟು ಒಂದಿಷ್ಟೂ ಅಲುಗಲಿಲ್ಲ. ಮೂರನೆಯ ಸಲ ಹೊಡೆದಾಗ ಬೇರೆಯೇ ಸದ್ದು ಬಂತು, ಹಪ್ಪಳ ಮುರಿದಂಥ ಸಣ್ಣ ಸದ್ದು. ನೋಡಿದರೆ ಬೋಗುಣಿಯ ಅಂಚಿನಿಂದ ಮೊಲದ ಕಿವಿಯವರೆಗೆ ಒಂದು ಬಿರುಕು. ನಾನು ತುಂಬಿದ್ದು ಕಲ್ಲಿನ ಹಾಗಿತ್ತು, ಸಾವಿರ ವರ್ಷದ ಮಣ್ಣು ಸೀಳುತ್ತಿತ್ತು.

ಇನ್ನೊಂದು ಏಟು ಹಾಕಿದರೆ ಹತ್ತು ಚೂರಾಗುತ್ತಿತ್ತು, ಚೂರುಗಳನ್ನು ಅವಳ ಮುಖದ ಮೇಲೆ ಸುರಿಯಲಾಗುತ್ತಿತ್ತೆ? ಹಾಕದಿದ್ದರೆ ತೂತಿಲ್ಲ. ಶವಾಗಾರದವನು ಹೊರಗಿನಿಂದ ಒಮ್ಮೆ ಬಾಗಿಲು ತಟ್ಟಿದ. ನಾನು ಸುತ್ತಿಗೆ ಎತ್ತಿದೆ. ಆಣೆಯಿಟ್ಟು ಹೇಳುತ್ತೇನೆ, ಎತ್ತಿದೆ. ಆದರೆ ಜೀವಮಾನವೆಲ್ಲ ಒಡೆದದ್ದನ್ನು ಕೂಡಿಸಿದ ಕೈ, ಇಳಿಯಲಿಲ್ಲ. ಅವಳಿಗಾಗಿ ಒಂದು ಬೋಗುಣಿ ಒಡೆಯಲು ನನ್ನಿಂದಾಗಲಿಲ್ಲ. ಹೇಡಿ ನಾನು. ಸುತ್ತಿಗೆಯನ್ನು ಚೀಲಕ್ಕೆ ಹಾಕಿದೆ. ಬೋಗುಣಿಯನ್ನು ಎರಡು ಕೈಯಲ್ಲಿ ಎತ್ತಿ, ಬಿರುಕು ಗಲ್ಲದ ಕಡೆಗೆ ಬರುವಂತೆ ತಿರುಗಿಸಿ, ಅವಳ ಮುಖದ ಮೇಲೆ ಕವುಚಿದೆ. ಸರಿಯಾಗಿ ಕೂತಿತು. ತಳ ನುಣ್ಣಗಿತ್ತು. ಅದರ ಮೇಲೆ ಬಿಳಿ ಬಟ್ಟೆ ಎಳೆದೆ, ಬೇಗ ಬೇಗ.

"ತೂತು ಬಿತ್ತಾ ಮಾಮಾ?" ಗೋಡೆಯ ಕಡೆಯಿಂದ ಆ ಹೆಂಗಸು ಕೇಳಿದಳು.

"ಬಿತ್ತು," ಎಂದೆ.

ಅವಳು ತಿರುಗಿ ಬಂದಳು. ಕಣ್ಣೊರೆಸಿಕೊಂಡು ನನ್ನ ಭುಜ ಹಿಡಿದು, "ಅಸಾಂಟೆ, ಥ್ಯಾಂಕ್ಸ್ ಮಾಮಾ," ಎಂದಳು. ಆಮೇಲೆ ಪೆಟ್ಟಿಗೆಯ ಮೇಲೆ ಬಗ್ಗಿ, ಬಟ್ಟೆಯಡಿಯ ಬೋಗುಣಿಯ ತಳದ ಹತ್ತಿರ ಬಾಯಿ ತಂದು, ಮಲಗಿದ ಮಗುವಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು:

"ಸಾಸಾ ಪುಮುವಾ, ಮಾಮಾ. ಇನ್ನು ಉಸಿರಾಡು."